ಸದ್ದು ಮಾಡದ ಕ್ಯಾಮೆರಾ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಜಪಾನಿನ ಮಾತ್ಸುಮೊತೊ ಊರಿನ ಪೊಲೀಸ್ ಠಾಣೆಗೆ ಟೊಗಾಶಿ ಓಡೋಡಿ ಬಂದ. ಅವನದು ಕೈಬದಲಾದ ಕ್ಯಾಮೆರಾಗಳನ್ನು ಕೊಂಡು ಮಾರುವ ಅಂಗಡಿ. ಗಾಜಿನ ಕಪಾಟಿನಲ್ಲಿದ್ದ, ಮಸುಕು ಬೆಳಕಲ್ಲೂ ಚೆನ್ನಾಗಿ ತೆಗೆಯುವ ಒಂದು ಪುಟ್ಟ ಫುಲ್‌ಫ್ರೇಮ್ ಕ್ಯಾಮೆರಾ ಹಿಂದಿನ ದಿನ ಸಂಜೆಯಿಂದ ಕಾಣೆಯಾಗಿತ್ತು.

"ಬೀಗ ಒಡೆದಿದ್ದಾರಾ?" ಇನ್ಸ್‌ಪೆಕ್ಟರ್ ಹತಾನೊ ಚಿಜುರು ಕೇಳಿದಳು.

"ಬೀಗ ಹಾಕಿದ್ರೆ ತಾನೇ ಮೇಡಂ ಒಡೆಯೋದು? ನಮ್ಮಲ್ಲಿ ಗಿರಾಕಿಗಳೇ ತೆಗೆದು ನೋಡಿ ಅಲ್ಲೇ ಇಡ್ತಾರೆ. ಮೂವತ್ತು ವರ್ಷದಿಂದ ಹಂಗೇ ನಡೀತಿದೆ."

"ಯಾರ ಮೇಲಾದರೂ ಅನುಮಾನ?"

"ಬಂದವರೆಲ್ಲ ಗುರುತಿನವರೇ. ನೀವೂ ಭಾನುವಾರ ಬಂದಿದ್ರಲ್ಲ!"

ಕಾನ್‌ಸ್ಟೆಬಲ್ ಮಿನೊವಾ ತಲೆ ಬಗ್ಗಿಸಿ ನಗು ನುಂಗಿಕೊಂಡ. ಹೌದು, ಹತಾನೊ ಹೋಗಿದ್ದಳು. ಬೆಟ್ಟ ಹತ್ತುವಾಗ ಕತ್ತಿಗೆ ಭಾರವಾಗದ, ಕೈಗೆಟುಕುವ ಬೆಲೆಯ ಒಂದು ಫುಲ್‌ಫ್ರೇಮ್ ಬೇಕೆಂದು ವರ್ಷದಿಂದ ಹುಡುಕುತ್ತಿದ್ದಳು. ಆರಿಸಿಕೊಡಲು ಇಸೊಬೆಯವರನ್ನು ಕರೆದುಕೊಂಡು ಹೋಗಿದ್ದಳು. ಇಸೊಬೆ ಎಂದರೆ ಅದೇ ಠಾಣೆಯಲ್ಲಿ ಮೂವತ್ತೈದು ವರ್ಷ ಅಪರಾಧ ಸ್ಥಳಗಳ ಫೋಟೊ ತೆಗೆದು ನಿವೃತ್ತರಾದವರು. ಹೆಣದ ಮುಂದೆ ಕೈ ನಡುಗದಂತೆ ನಿಲ್ಲುವುದನ್ನು ಅವಳಿಗೆ ಕಲಿಸಿದವರು. ಅವಳು ಅವರನ್ನು ಗುರುಗಳೇ ಎಂದೇ ಕರೆಯುತ್ತಿದ್ದಳು.

ಅಂದು ಅವರು ಮೊದಲ ಕ್ಯಾಮೆರಾವನ್ನು ಕೈಯಲ್ಲಿ ತೂಗಿ ನೋಡಿ ಬದಿಗಿಟ್ಟಿದ್ದರು. ಎರಡನೆಯದನ್ನು ಒಮ್ಮೆ ಒತ್ತಿ, "ಸದ್ದು ಮಾಡುತ್ತೆ, ಬೇಡ" ಎಂದಿದ್ದರು. ಮೂರನೆಯದು ಅಂಗೈಯಲ್ಲಿ ಕೂರುವಂಥದ್ದು. ತಳದಲ್ಲಿ ಗೀರು ಬಿದ್ದಿದ್ದರಿಂದ ಬೆಲೆಯೂ ಇಳಿದಿತ್ತು. ಅದನ್ನು ಹಿಡಿದು ಅಂಗಡಿಯ ಕತ್ತಲ ಮೂಲೆಯತ್ತ ತಿರುಗಿಸಿ ಬಹಳ ಹೊತ್ತು ನೋಡಿದ್ದರು. "ಸಣ್ಣದು, ಕತ್ತಲಲ್ಲೂ ಕಣ್ಣು ಕಾಣುತ್ತೆ, ತುಟಿ ಪಿಟಕ್ ಅನ್ನಲ್ಲ. ಇದೇ ಸರಿ ಕಣಮ್ಮಾ." ಯೋಚಿಸಿ ಹೇಳುತ್ತೇನೆಂದು ಹತಾನೊ ಹೊರಬಂದಿದ್ದಳು. ಈಗ ಕಳವಾದದ್ದು ಅದೇ ಕ್ಯಾಮೆರಾ.

ಸ್ಥಳ ಮಹಜರು ಮಾಡಿದರು. ಕಪಾಟಿನ ಗಾಜು ಮುಚ್ಚಿತ್ತು, ಬೆಲೆಯ ಚೀಟಿ ಮಾತ್ರ ಕವುಚಿ ಮಲಗಿತ್ತು. ಬೆರಳಗುರುತು ಬೇಕಾದಷ್ಟಿದ್ದವು. ಊರಿನ ಅರ್ಧದಷ್ಟು ಜನರ ಬೆರಳು ಆ ಗಾಜಿನ ಮೇಲಿತ್ತು, ಇನ್ಸ್‌ಪೆಕ್ಟರ್ ಬೆರಳೂ ಸೇರಿ.

ಬುಧವಾರ ಬೆಳಿಗ್ಗೆ ಬೇರೆಯೇ ಸುದ್ದಿ ಬಂತು. ರೈಲು ನಿಲ್ದಾಣದ ಎದುರಿನ ಪೊಲೀಸ್ ಚೌಕಿಯಲ್ಲಿ, ಪೇದೆ ಗಸ್ತಿಗೆ ಹೋಗಿದ್ದಾಗ, ಯಾರೋ ಮೇಜಿನ ಮೇಲೆ ಒಂದು ಗಂಟು ಇಟ್ಟು ಹೋಗಿದ್ದರು. ನೀಲಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ್ದ ಕ್ಯಾಮೆರಾ. ತಳದಲ್ಲಿ ಅದೇ ಗೀರು.

ಮಿನೊವಾ ಹೊಟ್ಟೆ ಹಿಡಿದು ನಕ್ಕ. "ನೋಡಿ ಮೇಡಂ, ಹಾದೀಲಿ ಛತ್ರಿ ಸಿಕ್ಕಿದ್ರೂ ಚೌಕಿಗೆ ಕೊಡೋ ಊರು ನಮ್ದು. ಕಳ್ಳನಿಗೂ ಆ ಬುದ್ಧಿ ಬಿಡಲಿಲ್ಲ!"

ಟೊಗಾಶಿ ಬಂದು ತನ್ನದೇ ಎಂದು ಗುರುತಿಸಿದ. ಗಿರಾಕಿಗಳು ಪರೀಕ್ಷಿಸಲೆಂದು ಅವನು ಹಾಕಿಟ್ಟಿದ್ದ ಮೆಮೊರಿ ಕಾರ್ಡೂ ಒಳಗೇ ಇತ್ತು. "ಸಿಕ್ತಲ್ಲ, ಬಿಟ್ಬಿಡಿ ಮೇಡಂ" ಎಂದ. ಆದರೆ ದೂರು ದಾಖಲಾಗಿತ್ತು. ಕಳ್ಳ ಏನಾದರೂ ತೆಗೆದು ಅಳಿಸಿದ್ದಾನೆಯೇ ಎಂದು ನೋಡಲು ಹತಾನೊ ಕಾರ್ಡನ್ನು ಲ್ಯಾಬಿಗೆ ಕಳಿಸಿದಳು.

ಮಧ್ಯಾಹ್ನ ಮೂರಕ್ಕೆ ಲ್ಯಾಬಿನಿಂದ ಆರು ಫೋಟೊ ಬಂದವು. ಪರದೆಯ ಮೇಲೆ ಮೊದಲನೆಯದು ತೆರೆದುಕೊಂಡಾಗ ಮಿನೊವಾ ತಿನ್ನುತ್ತಿದ್ದ ಅನ್ನದುಂಡೆ ಕೈಯಲ್ಲೇ ಉಳಿಯಿತು.

ಕತ್ತಲ ಕೋಣೆ. ನೆಲದ ಹಾಸಿಗೆಯ ಮೇಲೆ ಒಬ್ಬ ವಯಸ್ಸಾದ ಹೆಂಗಸು ಅಂಗಾತ ಮಲಗಿದ್ದಳು. ಕಣ್ಣು ಮುಚ್ಚಿತ್ತು, ಕೆನ್ನೆ ಬತ್ತಿತ್ತು. ಒಂದು ಫೋಟೊ ತಲೆಯ ಕಡೆಯಿಂದ, ಒಂದು ಕಾಲಿನ ಕಡೆಯಿಂದ. ಬಲದಿಂದ ಒಂದು, ಎಡದಿಂದ ಒಂದು, ನೇರ ಮೇಲಿನಿಂದ ಒಂದು. ಆರನೆಯದು ಮುಖ ಮಾತ್ರ.

"ಮೇಡಂ..." ಮಿನೊವಾನ ದನಿ ಇಳಿಯಿತು. "ಇದು ಹೆಣ."

ಹತಾನೊ ಆರನ್ನೂ ಮತ್ತೊಮ್ಮೆ ಸಾಲಾಗಿ ನೋಡಿದಳು. ಹೆಣ ನೋಡಿ ಅವಳು ಬೆಚ್ಚುವವಳಲ್ಲ. ಬೆಚ್ಚಿದ್ದು ಆ ಕ್ರಮಕ್ಕೆ. ತಲೆ, ಕಾಲು, ಬಲ, ಎಡ, ಮೇಲೆ, ಮುಖ. ಆ ಕ್ರಮದಲ್ಲಿ ಫೋಟೊ ತೆಗೆಯುವುದು ಪೊಲೀಸರು ಮಾತ್ರ.

"ಟೊಗಾಶಿಗೆ ಫೋನ್ ಮಾಡು. ಆ ಕ್ಯಾಮೆರಾದಲ್ಲಿ ಗಡಿಯಾರ ಸರಿ ಮಾಡಿದ್ದನಾ ಕೇಳು."

ಮಿನೊವಾ ಕೇಳಿದ. "ಇಲ್ವಂತೆ. ಅಂಗಡೀಲಿ ಯಾರು ಅದನ್ನೆಲ್ಲ ನೋಡ್ತಾರೆ ಅಂತಾನೆ."

ಅವಳು ಕ್ಯಾಮೆರಾ ಚಾಲೂ ಮಾಡಿ ಠಾಣೆಯ ಗಡಿಯಾರದ ಪಕ್ಕ ಹಿಡಿದಳು. ಸೆಕೆಂಡೂ ಹೊಂದುತ್ತಿತ್ತು; ಕದ್ದವರೇ ಸರಿ ಮಾಡಿದ್ದರು. ಫೋಟೊ ಕೋರ್ಟಿನಲ್ಲಿ ನಿಲ್ಲಬೇಕಾದರೆ ಮೊದಲು ಗಡಿಯಾರ, ಆಮೇಲೆ ಹೆಣ. ಇಪ್ಪತ್ತು ವರ್ಷದ ಹಿಂದೆ ಈ ಪಾಠ ಹೇಳಿಕೊಟ್ಟವರು ಒಬ್ಬರೇ.

ಬೆಟ್ಟದ ಮೇಲೆ ಕ್ಯಾಮೆರಾ ಸದ್ದು ಮಾಡಿದರೆ ನನಗೇನು ಕಷ್ಟ? ಭಾನುವಾರವೇ ಈ ಪ್ರಶ್ನೆ ಹುಟ್ಟಬೇಕಿತ್ತು. ಗುರುಗಳು ಆರಿಸಿದ್ದು ಅವಳಿಗಲ್ಲ, ತಮಗೆ. ಅವರ ಹೆಂಡತಿಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಮನೆಗೆ ಅವರು ಯಾರನ್ನೂ ಕರೆದವರಲ್ಲ. ನಂಬಿದ ಮನುಷ್ಯನ ಮನೆಗೆ ಹೀಗೆ ಹೋಗಬೇಕಾಯಿತಲ್ಲ ಎಂದುಕೊಳ್ಳುತ್ತಲೇ ಅವಳು ವಾರಂಟಿಗೆ ಅರ್ಜಿ ಬರೆದಳು.

ನಾಲ್ಕೂವರೆಗೆ ವಾರಂಟ್ ಕೈಗೆ ಬಂತು. ಐದಕ್ಕೆ ಅವರು ಕಾಲುವೆ ಪಕ್ಕದ ಮನೆಯ ಮುಂದಿದ್ದರು. ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಿತ್ತು.

ಇಸೊಬೆ ಬಾಗಿಲು ತೆರೆದರು. ಮಿನೊವಾನನ್ನು ನೋಡಿದರು, ಅವಳ ಕೈಯಲ್ಲಿದ್ದ ಕಾಗದವನ್ನು ನೋಡಿದರು. "ಬೇಗನೇ ಬಂದೆ. ಏನು ಬಿಟ್ಟುಕೊಟ್ಟಿತು?"

"ಗಡಿಯಾರ, ಗುರುಗಳೇ."

"ಛೆ! ಹುಟ್ಟುಗುಣ ಸುಟ್ಟರೂ ಹೋಗಲ್ಲ."

"ಅಳಿಸಿದ ಫೋಟೊನೂ ವಾಪಸ್ ಬಂದಿವೆ."

"ಬರುತ್ತಾ? ನಮ್ಮ ರೀಲಿನ ಕಾಲದಲ್ಲಿ ಸುಟ್ಟದ್ದು ಸುಟ್ಟಂಗೇ."

"ಫೋಟೊದಲ್ಲಿರೋರು ಎಲ್ಲಿ?"

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹತಾನೊ ಬೂಟು ಕಳಚಿ ಒಳಗೆ ಹೋದಳು. ಕತ್ತಲು. ಅದೇ ಹಾಸಿಗೆ, ಅಂಗಾತ ಮಲಗಿದ್ದ ಅದೇ ಹೆಂಗಸು. ಮಂಡಿಯೂರಿ ಕುತ್ತಿಗೆಯ ನಾಡಿಗೆ ಬೆರಳಿಟ್ಟಳು.

"ಅಯ್ಯೋ, ಯಾರದೀ ತಣ್ಣನೆ ಕೈ!"

ಹಿಂದೆ ನಿಂತಿದ್ದ ಮಿನೊವಾ ಎಗರಿ ಬಾಗಿಲಿಗೆ ಹಣೆ ಬಡಿಸಿಕೊಂಡ. ಹತಾನೊ ಕೈ ಹಿಂದೆಗೆದು ಅಲ್ಲೇ ಕೂತಳು. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

"ಪೊಲೀಸ್ನೋರು, ಫುಕಿ. ನಮ್ಮ ಹತಾನೊ," ಎಂದರು ಇಸೊಬೆ.

ಕೂತಲ್ಲೇ ವಿಚಾರಣೆ ನಡೆಯಿತು.

"ಕದ್ದದ್ದು ಒಪ್ಪುತ್ತೀರಾ?"

"ಒಪ್ಪಿದೆ. ಸೋಮವಾರ ಸಂಜೆ."

"ಯಾಕೆ?"

"ಇವಳಿಗೆ ಬೆಳಕು ಕಣ್ಣಿಗೆ ಬಿದ್ರೆ ತಲೆ ಸಿಡಿಯುತ್ತೆ. ಸಣ್ಣ ಸದ್ದಿಗೂ ಬೆಚ್ಚಿಬೀಳ್ತಾಳೆ. ಫೋನಿನಲ್ಲಿ ತೆಗೆಯೋಣ ಅಂದ್ರೆ ನಮ್ಮ ದೇಶದ ಫೋನಿಗೆ ಕ್ಲಿಕ್ ಅನ್ನದೆ ಬಾಯಿ ಮುಚ್ಚೋಕೆ ಬರಲ್ಲ. ಚಳಿಗಾಲ ದಾಟೋದು ಕಷ್ಟ ಅಂದಿದ್ದಾರೆ ಡಾಕ್ಟ್ರು. ನಾಳೆ ಎದುರಿಗಿಟ್ಟು ಧೂಪ ಹಚ್ಚೋಕೆ ಇವಳದೊಂದು ಫೋಟೊ ಇಲ್ಲ ಮನೇಲಿ."

"ಒಂದೂ ಇಲ್ವಾ?"

"ಹಗಲೆಲ್ಲ ಹೆಣ ತೆಗೆದ ಕೈಯಿಂದ ಇವಳನ್ನ ತೆಗೆಯೋಕೆ ಮನಸ್ಸು ಬರ್ತಿರಲಿಲ್ಲ."

"ನನ್ನ ಕೇಳಬಹುದಿತ್ತಲ್ಲ, ಗುರುಗಳೇ! ನಾನೇ ಕೊಂಡು ತಂದುಕೊಡ್ತಿದ್ದೆ!" ಅವಳ ದನಿ ಏರಿತು.

"ಕೇಳಿದ್ರೆ ಯಾಕೆ ಅಂತ ಹೇಳಬೇಕಿತ್ತು. ಹೆಂಡತಿ ಹೋಗ್ತಾಳೆ ಅನ್ನೋ ಮಾತು ಈ ಬಾಯಿಂದ ಹೊರಡಲಿಲ್ಲ. ಕದಿಯೋದು ಅದಕ್ಕಿಂತ ಸುಲಭ ಆಯ್ತು."

ಅಳಿಸುವ ಮೊದಲು ಅಂಗಡಿಯೊಂದರ ಫೋಟೊ ಯಂತ್ರದಲ್ಲಿ ಅವರು ಅವುಗಳನ್ನು ಅಚ್ಚು ಹಾಕಿಸಿದ್ದರು. ದಿಂಬಿನಡಿಯಿಂದ ಲಕೋಟೆ ತೆಗೆದು ಕೊಟ್ಟರು. "ತಲೆ, ಕಾಲು, ಬಲ, ಎಡ... ನೋಡು, ಬದುಕಿರೋಳನ್ನ ಹೆಂಗೆ ತೆಗೀಬೇಕು ಅಂತ ನಂಗೆ ಗೊತ್ತೇ ಇಲ್ಲ."

ಲಕೋಟೆಯಲ್ಲಿ ಏಳು ಫೋಟೊ ಇದ್ದವು. ಏಳನೆಯದು ಲ್ಯಾಬಿಗೆ ಸಿಕ್ಕಿರಲಿಲ್ಲ. ಅದರಲ್ಲಿ ಫುಕಿ ಕಣ್ಣು ತೆರೆದಿದ್ದಳು. ಹಲ್ಲಿಲ್ಲದ ಬಾಯಿ ಅಗಲವಾಗಿ, ಗಂಡನನ್ನು ಗೇಲಿ ಮಾಡುವವಳಂತೆ ನಗುತ್ತಿದ್ದಳು. ಚಿತ್ರ ಕೊಂಚ ಅಲುಗಿತ್ತು.

"ಸದ್ದೇ ಇರಲಿಲ್ಲವಲ್ಲ, ಹೇಗೆ ಎಚ್ಚರ ಆಯ್ತಮ್ಮಾ?"

"ಇವರ ಉಸಿರು ನಿಂತಿತ್ತು," ಎಂದಳು ಫುಕಿ. "ನಲವತ್ತು ವರ್ಷ ಪಕ್ಕದಲ್ಲಿ ಆ ಉಸಿರು ಕೇಳಿ ಮಲಗಿದೀನಿ. ನಿಂತ್ರೆ ಎಚ್ಚರ ಆಗಲ್ವಾ? ನಾನಿನ್ನೂ ಸತ್ತಿಲ್ಲ ಕಣ್ರೀ, ಹತ್ತಿರ ಬಂದು ತೆಗೀರಿ ಅಂದೆ."

ಐದೂ ಐವತ್ತಕ್ಕೆ ದಸ್ತಗಿರಿ. ಬೇಡಿ ಹಾಕಲಿಲ್ಲ. ರಾತ್ರಿ ನೋಡಿಕೊಳ್ಳಲು ದಾದಿಯೊಬ್ಬಳು ಬರುವವರೆಗೆ ಮಿನೊವಾ ಹಾಸಿಗೆಯ ಪಕ್ಕ ಕೂತ. ಇಸೊಬೆ ಹೊಸ್ತಿಲಲ್ಲಿ ಬೂಟಿನ ದಾರ ಕಟ್ಟಲಾಗದೆ ಒದ್ದಾಡಿದರು. ಹತಾನೊ ಬಗ್ಗಿ ಕಟ್ಟಿದಳು.

"ಬೇಗ ಬನ್ರೀ," ಒಳಗಿನಿಂದ ಫುಕಿಯ ದನಿ ಬಂತು. "ಫೋಟೊ ತೆಗೆಯೋದು ಈಗಷ್ಟೇ ಕಲಿತಿದೀರಿ."

ಠಾಣೆಯಲ್ಲಿ ಜಪ್ತಿ ಪಂಚನಾಮೆ ಬರೆಯುವಾಗ ಹತಾನೊ ಅಚ್ಚು ಹಾಕಿದ ಫೋಟೊಗಳು ಆರು ಎಂದು ಬರೆದಳು; ನಗುವ ಏಳನೆಯದನ್ನು ಫುಕಿಯ ದಿಂಬಿನಡಿಯಲ್ಲೇ ಬಿಟ್ಟು ಬಂದಿದ್ದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವಳು ಬರೆದ ಮೊದಲ ಸುಳ್ಳು ಅದು. ಎದುರಿಗೆ ಕೂತಿದ್ದ ಇಸೊಬೆ ಅದನ್ನು ಓದಿ ಸಹಿ ಹಾಕಿದರು.