ವಜೀರ ಸಂಭಾಳಸು!

"ಕರಿ ಕಾಯಿ ಬಂದಾವಂತ ಅಂಜಬ್ಯಾಡ ಪೂನಮ. ಬಾಯಿ ಮಾತ್ರ ಬಂದ್! ಮಾತಾಡಿದ್ರ ಅಂಪೈರ್ ಬೈತಾರ," ಅಂದರು ಅವಳ ಶಾಲೆಯ ಸಂಜುಕುಮಾರ ಸರ್.

"ಹೂಂ ರಿ ಸರ್."

ಬೀದರ ಜಿಲ್ಲೆಯ ಮಕ್ಕಳ ಚೆಸ್ ಫೈನಲ್. ಎದುರಿಗೆ ಭಾಲ್ಕಿಯ ಗೌರವ. ಗೆದ್ದವರು ಮುಂದಿನ ಸುತ್ತಿಗೆ ಕಲಬುರಗಿಗೆ. ಪೂನಮ ಇನ್ನೂ ಗೆದ್ದಿರಲಿಲ್ಲ, ಆದರೆ ಅವಳ ಬ್ಯಾಗು ಮನೆಯಲ್ಲಿ ಆಗಲೇ ತುಂಬಿ ಕೂತಿತ್ತು.

ಎರಡೂ ಕಡೆಯ ಕುದುರೆಗಳು ದಡಬಡ ಹೊರಬಂದವು. ಪೂನಮ ತನ್ನ ಕುದುರೆಯನ್ನು ನಡುವೆ ನುಗ್ಗಿಸಿ, ಒಂದು ಪ್ಯಾದೆಯನ್ನು, ಪುಟ್ಟ ಕಾಲಾಳನ್ನು, ಬೇಕಂತಲೇ ಕಾವಲಿಲ್ಲದೆ ಬಿಟ್ಟಳು. ಇದು ಅವಳಿಗೆ ಚಿಕ್ಕಮ್ಮನಂತಿರುವ ಚಿದ್ರಿಯ ರಹೀಮುನ್ನಿಸಾ ಖಾಲಾ ಕಲಿಸಿದ ಕಿತಾಪತಿ. ಆ ಪ್ಯಾದೆ ತಿಂದವರಿಗೆ ಹೊಟ್ಟೆನೋವು ಗ್ಯಾರಂಟಿ.

ಗೌರವನ ಕುದುರೆ ತಿಂದೇಬಿಟ್ಟಿತು. ಪೂನಮಳ ವಜೀರ, ಅಂದರೆ ಮಂತ್ರಿ, ಹೊರಗೆ ಹಾರಿದ. ಆ ಹೊಟ್ಟೆಬಾಕ ಕುದುರೆ ಇನ್ನೊಂದು ಪ್ಯಾದೆ ತಿಂದು, ಮೂಲೆಯ ಆನೆಗೂ ಗುರಿ ಇಟ್ಟಿತು.

ಅಯ್ಯೋ, ನನ್ನ ಆನಿ! ಪೂನಮಳ ಕೈ ಮೂಲೆಗೆ ಓಡಿತು.

"ಏ, ವಜೀರ ಸಂಭಾಳಸು!" ಅಂದುಬಿಟ್ಟ ಗೌರವ. ಅಂದವನೇ ನಾಲಿಗೆ ಕಚ್ಚಿಕೊಂಡ.

ಪೂನಮಳ ಕೈ ಗಾಳಿಯಲ್ಲೇ ನಿಂತಿತು. ಅದೇ ಕುದುರೆ ಅವಳ ವಜೀರನನ್ನೂ ಹೊಡೆಯುವಂತಿತ್ತು!

"ಏನಪಾ, ಆಟ ಆಡ್ಲತ್ತಿಯೋ, ಟ್ಯೂಷನ್ ಹೇಳ್ಲತ್ತಿಯೋ?" ಅಂಪೈರ್ ಗದರಿದರು.

"ತಪ್ಪಾತ್ರಿ ಸರ್. ಹೇಳದೆ ವಜೀರ ಹೊಡದ್ರ ನಮ್ಮ ಅಜ್ಜಿ ಆಟಾನೇ ಬಂದ್ ಮಾಡ್ತಾಳ್ರಿ. ಬಾಯಿಗೆ ರೂಢಿ ಆಗ್ಯದ."

ಖಾಲಾನ ಮನೆಯಲ್ಲೂ ಅದೇ ರೂಢಿ. ಹೇಳದೆ ವಜೀರ ಹೊಡೆದರೆ ಅದು ಕಳ್ಳತನ. ಅಲ್ಲಿ ಕಾಯಿಗಿಂತ ಕಾಯಿದೆ ಜೋರು.

ಪೂನಮ ವಜೀರನಿಂದ ಅವನ ಒಂದು ಪ್ಯಾದೆ ಹೊಡೆದಳು. ಅವನ ಆನೆ ಪಕ್ಕಕ್ಕೆ ಸರಿಯಿತು. ಇನ್ನೊಂದು ಪ್ಯಾದೆ ಹೊಡೆದು ರಾಜನಿಗೆ ಚೆಕ್ ಕೊಟ್ಟಳು. ಗೌರವ ಒಂಟೆಯನ್ನು ಅಡ್ಡ ತಂದ. ಈಗ ರಾಜನ ಸುತ್ತ ಅವನದೇ ಮಂದಿ, ಸಂಜೆಯ ಔರಾದ ಬಸ್ಸಿನಲ್ಲಿ ನಿಂತ ಹಾಗೆ. ಕಾಲಿಡಲೂ ಜಾಗವಿಲ್ಲ.

ಪೂನಮಳ ಕುದುರೆ ಟಣ್ಣನೆ ಹಾರಿತು. ಮತ್ತೆ ಚೆಕ್. ರಾಜ ಎಲ್ಲಿ ಓಡಿಯಾನು? ಆಟ ಖಲಾಸ್!

"ಶಾಬಾಸ್! ನಡಿ ಕಲಬುರಗಿಗೆ!" ಸಂಜುಕುಮಾರ ಸರ್ ಕುಣಿದೇಬಿಟ್ಟರು.

ಪೂನಮ ಕುಣಿಯಲಿಲ್ಲ. "ನೀ ಹೇಳಿರಲಿಲ್ಲಂದ್ರ ನನ್ನ ವಜೀರ ಹೋಗ್ತಿತ್ತು," ಅಂದಳು ಮೆಲ್ಲಗೆ.

"ನಿನ್ನ ಕುದುರಿ ಇಷ್ಟು ಜೋರ್ ಒದಿತದಂತ ನಂಗೇನ್ ಗೊತ್ತಿತ್ತು?" ಗೌರವ ನಕ್ಕ. ಕಣ್ಣು ಮಾತ್ರ ಸ್ವಲ್ಪ ಒದ್ದೆಯಾಗಿತ್ತು.

ಪೂನಮ ಬೋರ್ಡನ್ನು ಗರಗರ ತಿರುಗಿಸಿದಳು. "ಭಾಲ್ಕಿ ಬಸ್ಸಿಗಿ ಟೈಮ್ ಅದಲ್ಲ? ಇನ್ನೊಂದ್ ಆಟ ಆಡಮು. ಈಗ ಕರಿ ನಿಂದು."

ಕಾಯಿಗಳು ಮತ್ತೆ ದಡಬಡ ಹೊರಬಂದವು. ಅವನ ವಜೀರ ಅವಳ ಒಂಟೆಯ ದಾರಿಗೇ ಬಂದು ನಿಂತ. ಗೌರವ ನೋಡಿರಲಿಲ್ಲ. ಅಂಪೈರ್ ಕೂಡ ಅಲ್ಲಿರಲಿಲ್ಲ.

ಪೂನಮ ಕೈ ಕಟ್ಟಿಕೊಂಡಳು.

"ಏ ಗೌರವ, ವಜೀರ ಸಂಭಾಳಸು."