ಹೇಮಂತನ ಅಜ್ಜಿ ತೀರಿಕೊಂಡ ಶನಿವಾರ

ಶನಿವಾರ ಬೆಳಗ್ಗೆ ಏಳೂಕಾಲಿಗೆ ರಜೆ ಫೋನು ಬಡಿದುಕೊಂಡಾಗ ವನಿತಾಳ ಜಡೆ ಅವಳ ಅಮ್ಮ ಮುನಿಕೆಂಪಮ್ಮನ ಕೈಯಲ್ಲಿತ್ತು. ಹನ್ನೊಂದು ಗಂಟೆಗೆ ತಣಿಸಂದ್ರದಿಂದ ಗಂಡಿನ ಕಡೆಯವರು ಬರುವವರಿದ್ದರು. ಕೊಡಿಗೆಹಳ್ಳಿಯ ಆ ಪುಟ್ಟ ಮನೆ ಬೆಳಗಿನಿಂದಲೇ ಕೇಸರಿಬಾತಿನ ವಾಸನೆ ಹೊಡೆಯುತ್ತಿತ್ತು.

"ಎತ್ಬೇಡ ಕಣೆ. ಇವತ್ತು ನಿಂಗೂ ರಜ ತಾನೆ?"

"ನಂಗೆ ರಜ ಅಮ್ಮ. ಫೋನಿಗಿಲ್ಲ."

ಅಬ್ಬಿಗೆರೆಯ ರಟ್ಟಿನ ಡಬ್ಬದ ಫ್ಯಾಕ್ಟರಿಯಲ್ಲಿ ಇನ್ನೂರು ಜನ ಕೆಲಸ ಮಾಡುತ್ತಿದ್ದರು. ಯಾರಿಗೇ ದಿಢೀರ್ ರಜೆ ಬೇಕಾದರೂ ಬೆಳಗ್ಗೆ ಏಳೂವರೆಯೊಳಗೆ ಈ ಫೋನಿಗೆ ಕರೆ ಮಾಡಿ ಕಾರಣ ಹೇಳಬೇಕು, ವನಿತಾ ಅದನ್ನು ರಿಜಿಸ್ಟರಿಗೆ ಬರೆದುಕೊಳ್ಳಬೇಕು. ನಾಲ್ಕು ವರ್ಷದಲ್ಲಿ ಅವಳು ಕೇಳದ ಕಾರಣವೇ ಉಳಿದಿರಲಿಲ್ಲ. ಪ್ಯಾಕಿಂಗಿನ ಬ್ಯಾಟರಾಯಪ್ಪನ ಒಂದೇ ಹಸು ವರ್ಷಕ್ಕೆ ಐದು ಸಲ ಕರು ಹಾಕುತ್ತಿತ್ತು. ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆ ಎಂದವನೊಬ್ಬನ ಹಿಂದೆ ಕುಕ್ಕರ್ ಮೂರು ಸೀಟಿ ಹೊಡೆದಿತ್ತು. ದನಿ ಕೇಳಿಯೇ ವನಿತಾ ಸುಳ್ಳು ಹಿಡಿಯುತ್ತಾಳೆ, ಅವಳ ಹತ್ತಿರ ಕೆಮ್ಮುವುದಾದರೂ ನೋಡಿಕೊಂಡು ಕೆಮ್ಮಬೇಕು ಎಂದು ಫ್ಯಾಕ್ಟರಿಯಲ್ಲಿ ಹೆಸರಾಗಿತ್ತು. ಆ ಹೆಸರಿನ ಮೇಲೆ ಅವಳಿಗೂ ಸ್ವಲ್ಪ ಜಂಬವಿತ್ತು.

"ಹಲೋ, ಯಾರು?"

"ಮೇಡಂ... ನಾ ಹೇಮಂತ್ ರೀ. ಪ್ರಿಂಟಿಂಗ್ ಸೆಕ್ಷನ್."

ವನಿತಾಳ ತಲೆ ತಾನಾಗಿ ನೆಟ್ಟಗಾಯಿತು. ಜಡೆ ಅಮ್ಮನ ಕೈಯಿಂದ ಜಾರಿತು.

"ಇವತ್ತ ಬರಾಕ ಆಗಂಗಿಲ್ರೀ."

"ಏನಾಯ್ತು?"

ಆ ಕಡೆಯಿಂದ ಬಂದ ದನಿ ಒಡೆದು ಹೋಗಿತ್ತು.

"ನಮ್ಮ ಅಜ್ಜಿ... ಹೋಗಿಬಿಟ್ಟಳ್ರೀ."

ಫೋನು ಕಟ್ಟಾಯಿತು. ವನಿತಾ ವಾಪಸು ಕರೆ ಮಾಡಿ ವಿಚಾರಿಸಲಿಲ್ಲ. ಅಷ್ಟು ನಿಜವಾದ ಸಂಕಟವನ್ನು ಆ ಫೋನಿನಲ್ಲಿ ಅವಳು ಅದೇ ಮೊದಲು ಕೇಳಿದ್ದು.

ಗದಗಿನ ಕಡೆಯ ಹೇಮಂತ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂದು ದಿನವೂ ರಜೆ ಹಾಕಿದವನಲ್ಲ. ಊಟದ ಹೊತ್ತಿಗೆ ಅವನು ಬಂದು ವನಿತಾಳ ಡಬ್ಬದ ಮುಚ್ಚಳದ ಮೇಲೆ ಒಂದು ಜೋಳದ ರೊಟ್ಟಿ, ಒಂದು ಚಿಟಿಕೆ ಶೇಂಗಾ ಚಟ್ನಿಪುಡಿ ಇಟ್ಟು ಹೋಗುವುದು ನಡೆದುಕೊಂಡು ಬಂದಿತ್ತು. "ಇದು ರೊಟ್ಟೀನೋ, ನಮ್ ಫ್ಯಾಕ್ಟರಿ ರಟ್ಟೋ?" ಎಂದು ಅವಳು ದಿನಾ ಕೇಳುವಳು. "ಎರಡೂ ಮುರದು ನೋಡ್ರೀ, ಗೊತ್ತಾಗ್ತದ" ಎಂದು ಅವನು ದಿನಾ ಹೇಳುವನು. ಹೇಳುವಾಗ ಅವಳನ್ನು ಪೂರ್ತಿ ನೋಡುತ್ತಿರಲಿಲ್ಲ, ಅವಳ ಕಿವಿಯ ಓಲೆಯ ತನಕ ಬಂದು ನೋಟ ವಾಪಸು ಹೋಗುತ್ತಿತ್ತು. ಆ ಓಲೆಗಳನ್ನು ವನಿತಾ ಈಚೆಗೆ ವಾರಕ್ಕೆ ಮೂರು ಸಲ ಬದಲಾಯಿಸತೊಡಗಿದ್ದಳು.

ಶುಕ್ರವಾರ ಅವಳೇ ಬೇಕೆಂದು ಹೇಳಿದ್ದಳು. "ನಾಳೆ ನನ್ನ ನೋಡೋಕೆ ಗಂಡು ಬರ್ತಿದಾನೆ." ಹೇಳಿ ಅವನ ಮುಖ ನೋಡಿದಳು. ಮಹರಾಯ ರೊಟ್ಟಿಯನ್ನೇ ನೋಡುತ್ತ, "ಚಲೋ ಆತಲ್ರೀ" ಎಂದು ಎದ್ದು ಹೋದ. ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ವನಿತಾಳಿಗೆ ಕಂಡಕ್ಟರಿನಿಂದ ಹಿಡಿದು ಎಲ್ಲರ ಮೇಲೂ ಸಿಟ್ಟು ಬಂದಿತ್ತು.

ಹನ್ನೊಂದಕ್ಕೆ ಗಂಡಿನವರು ಬಂದರು. ಹುಡುಗ ಒಳ್ಳೆಯವನೇ. ಹಾಬಿ ಏನು ಎಂದು ಕೇಳಿದ. ಪಾಪ, ಈಚೆಗಷ್ಟೇ ಊರಿಂದ ಬಂದಿದ್ದ ಅಜ್ಜಿಗೆ ಹೇಮಂತ ಒಬ್ಬನೇ ಹೇಗೆ ಹೆಗಲು ಕೊಟ್ಟನೋ ಎಂದು ಯೋಚಿಸುತ್ತಿದ್ದ ವನಿತಾ "ಆಂ?" ಎಂದಳು. ಹುಡುಗಿ ಬಹಳ ಮುಗ್ಧೆ ಎಂದು ಅವರು ಖುಷಿಪಟ್ಟು, ಸೋಮವಾರದೊಳಗೆ ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಹೇಳಿ ಹೋದರು.

ಅವರ ಕಾರು ತಿರುವು ದಾಟುವ ಮೊದಲೇ ವನಿತಾ ರೇಷ್ಮೆ ಬಿಚ್ಚಿ ಕಾಟನ್ ಸೀರೆ ಉಟ್ಟಳು. ಫ್ಯಾಕ್ಟರಿಯಲ್ಲೊಂದು ಪದ್ಧತಿಯಿತ್ತು. ಯಾರ ಮನೆಯಲ್ಲಿ ಸಾವಾದರೂ ಅದೇ ದಿನ ಆ ಸೆಕ್ಷನ್ನಿನವರು ಹಾರ, ಹಣ್ಣು ಹಿಡಿದು ಮಾತಾಡಿಸಿ ಬರಬೇಕು. ಕಚೇರಿಯ ಪರವಾಗಿ ವನಿತಾ ಹೋಗಬೇಕು. ಸಾವಿನ ಹೆಸರಲ್ಲಿ ಸುಳ್ಳು ರಜೆ ಹಾಕಿದರೆ ಕೆಲಸವೇ ಹೋಗುತ್ತದೆ ಎಂಬ ನಿಯಮ ಬಂದಮೇಲಂತೂ ಈ ಪದ್ಧತಿ ಇನ್ನೂ ಬಿಗಿಯಾಗಿತ್ತು. ಹೋದ ವರ್ಷ ಇಲ್ಲದ ಮಾವನನ್ನು ಸಾಯಿಸಿದವನೊಬ್ಬ ವನಿತಾಳ ವರದಿಯಿಂದಲೇ ಮನೆಗೆ ಹೋಗಿದ್ದ.

ಸಂಜೆ ನಾಲ್ಕಕ್ಕೆ ಅಬ್ಬಿಗೆರೆಯ ಬಾಡಿಗೆ ಮನೆಯೊಂದರ ಮುಂದೆ ಫ್ಯಾಕ್ಟರಿಯ ಟೆಂಪೊ ನಿಂತಿತು. ಸೂಪರ್‌ವೈಸರ್ ಬಾಲರಾಜ್ ಕೈಯಲ್ಲಿ ಮಾರುದ್ದದ ಸುಗಂಧರಾಜದ ಹಾರ. ಹಿಂದೆ ವನಿತಾ ಸೇರಿ ಐದು ಜನ ಜೋಲು ಮುಖ ಹಾಕಿಕೊಂಡು ಸಾಲಾಗಿ ಮೆಟ್ಟಿಲು ಹತ್ತಿದರು. ಬೀದಿಯಲ್ಲಿ ಶಾಮಿಯಾನವಿಲ್ಲ, ಬಾಗಿಲಲ್ಲಿ ಬೆಂಕಿಯಿಲ್ಲ. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಮಾತ್ರ ಪಟಪಟ ಕೇಳಿಸುತ್ತಿತ್ತು.

ಬಾಗಿಲು ತೆರೆದ ಮುದುಕಿಯ ಕೈಯೆಲ್ಲ ಹಿಟ್ಟಾಗಿತ್ತು.

"ಯಾರ್ ಬೇಕಾಗಿತ್ರೆಪಾ?"

ಬಾಲರಾಜ್ ದನಿ ತಗ್ಗಿಸಿದ. "ಹೇಮಂತನ್ನ ಮಾತಾಡ್ಸೋಣ ಅಂತ ಬಂದ್ವಿ. ನೀವು ಅವರಿಗೆ ಏನಾಗ್ಬೇಕಮ್ಮ?"

"ನಾ ಅವನ ಅಜ್ಜಿ, ನಿಂಗವ್ವ. ಕಣ್ಣ ತೋರ್ಸಾಕ ಊರಿಂದ ಬಂದೀನಿ." ಅವಳ ಕಣ್ಣು ಹಾರದ ಮೇಲೆ ನಿಂತಿತು. "ಯಾರ್ ಸತ್ತಾರೋ? ಯಾರಿಗಿದು ಹಾರ?"

ಬಾಲರಾಜ್ ಹಾರವನ್ನು ಬೆನ್ನ ಹಿಂದೆ ಅಡಗಿಸಲು ಹೋದ. ವನಿತಾಳ ಬಾಯಿ ಅವಳಿಗಿಂತ ಮುಂಚೆ ಓಡಿತು.

"ನಿಮಗೇ ಅಜ್ಜಿ! ಊರಿಂದ ಹಿರಿಯರು ಬಂದ್ರೆ ನಮ್ ಫ್ಯಾಕ್ಟರಿಯಿಂದ ಸನ್ಮಾನ ಮಾಡ್ತೀವಿ."

ನಿಂಗವ್ವನ ಮುಖ ಅರಳಿತು. ಸೆರಗು ಸರಿಮಾಡಿಕೊಂಡು, ಕತ್ತು ಬಗ್ಗಿಸಿ ನಿಂತಳು. ಬಾಲರಾಜ್ ಹಾರ ಹಾಕಿದ. ಯಾರೋ ಚಪ್ಪಾಳೆ ತಟ್ಟಿದರು. "ಬೆಂಗ್ಳೂರ ಮಂದಿ ಭಾಳ ಚಲೋ" ಎಂದ ಮುದುಕಿ, ಕಣ್ಣು ಕಿರಿದು ಮಾಡಿ ವನಿತಾಳನ್ನು ಮೇಲಿಂದ ಕೆಳಗೆ ನೋಡಿ, "ರೊಟ್ಟಿಗೆ ರಟ್ಟು ಅನ್ನಾಕಿ ನೀನೇ ಏನ?" ಎಂದಳು.

ಅಷ್ಟರಲ್ಲಿ ಒಳಗಿನಿಂದ ಹೇಮಂತ ಬಂದ. ಕೆಂಪು ಕಣ್ಣು, ಕೆದರಿದ ತಲೆ. ಹಾರ ಹಾಕಿಕೊಂಡು ನಿಂತ ಅಜ್ಜಿಯನ್ನೂ, ಬಾಳೆಹಣ್ಣು ಹಿಡಿದ ಸೆಕ್ಷನ್ನನ್ನೂ ನೋಡಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

ಮೆಟ್ಟಿಲ ಬುಡದಲ್ಲಿ ವನಿತಾ ಅವನನ್ನು ತರಾಟೆಗೆ ತೆಗೆದುಕೊಂಡಳು.

"ನಿಮ್ ದನಿ ಕೇಳಿ ನಾನು ಅತ್ತೆ ಕಣ್ರೀ! ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ಬಾಲರಾಜ್ ಕಣ್ಣಾರೆ ನೋಡಿದಾರೆ, ನಾನು ಮುಚ್ಚಿಟ್ರೂ ಮುಚ್ಚಲ್ಲ. ಸೋಮವಾರ ವರದಿ ಬರೀಬೇಕು. ಕೆಲ್ಸ ಹೋಗತ್ತೆ, ಗೊತ್ತಾ?"

"ಗೊತ್ತೈತ್ರೀ."

"ಮತ್ಯಾಕೆ ಸುಳ್ಳು ಹೇಳಿದ್ರಿ?"

ಅವನ ನೋಟ ಅವಳ ಮುಡಿಗೆ ಹೋಯಿತು. ಗಂಡಿನವರಿಗೆಂದು ಮುಡಿದ ಮಲ್ಲಿಗೆ ಅಲ್ಲೇ ಇತ್ತು. ತೆಗೆಯುವುದನ್ನು ಅವಳು ಮರೆತಿದ್ದಳು.

"ಹೇಳಂಗಿಲ್ರೀ" ಎಂದು ಅವನು ಮೇಲೆ ಹತ್ತಿಬಿಟ್ಟ.

ಭಾನುವಾರ ವನಿತಾ ನಾಲ್ಕು ಸಲ ವರದಿ ಬರೆದು ನಾಲ್ಕು ಸಲ ಹರಿದಳು. ನಿಜ ಬರೆದರೆ ಅವನು ಗದಗಿನ ಬಸ್ಸು ಹತ್ತುತ್ತಾನೆ. ಸುಳ್ಳು ಬರೆದರೆ ಹೋದ ವರ್ಷ ಅವಳಿಂದ ಕೆಲಸ ಕಳೆದುಕೊಂಡವನಿಗೆ ಏನು ಜವಾಬು ಹೇಳುವುದು? ನಾಳೆಯಿಂದ ಡಬ್ಬದ ಮುಚ್ಚಳದ ಮೇಲೆ ರೊಟ್ಟಿ ಇರುವುದಿಲ್ಲ ಎಂಬ ಯೋಚನೆ ಬಂದದ್ದೇ ಅವಳು ಪೆನ್ನು ಮುಚ್ಚಿಟ್ಟಳು. ಆಗ ಅವಳಿಗೆ ತನ್ನ ವಿಷಯ ತನಗೇ ಚೆನ್ನಾಗಿ ತಿಳಿಯಿತು. "ತಣಿಸಂದ್ರದೋರಿಗೆ ಬೇಡ ಅನ್ನು ಅಮ್ಮ" ಎಂದಳು. "ಯಾಕೆ, ಏನ್ ಕಮ್ಮಿ ಆಗೈತೆ?" ಎಂದು ಮುನಿಕೆಂಪಮ್ಮ ರೇಗಿದಳು.

ಸೋಮವಾರ ಮ್ಯಾನೇಜರ್ ದೊಡ್ಡಮುನಿಯಪ್ಪ ಹೇಮಂತನನ್ನು ಮುಂದೆ ನಿಲ್ಲಿಸಿಕೊಂಡು, ಪಕ್ಕದಲ್ಲಿ ವನಿತಾಳನ್ನು ಕೂರಿಸಿದರು. ಈ ಸೀಮೆಯವರೇ ಆದ ಅವರು ಕೂಗಾಡಿದರೆ ಬೋರ್‌ವೆಲ್ ಲಾರಿಯೂ ಸುಮ್ಮನಾಗುತ್ತಿತ್ತು.

"ಯೋಳಪ್ಪ. ಬದುಕಿರೋ ಅಜ್ಜೀನ ಯಾಕೆ ಇಂಗೆ ಸಾಯಿಸ್ದೆ? ನೀನು ಯೋಳು, ಅಮ್ಮಣ್ಣಿ ಬರ್ಕೊಳ್ಳಲಿ."

ಹೇಮಂತ ವನಿತಾಳ ಪೆನ್ನನ್ನು ನೋಡುತ್ತ ಹೇಳತೊಡಗಿದ.

"ಶುಕ್ರವಾರ ಊಟದ ಹೊತ್ತಿನ್ಯಾಗ ಒಬ್ಬರು, ನಾಳೆ ನನ್ನ ನೋಡಾಕ ಗಂಡು ಬರ್ತಾನ ಅಂದ್ರು ಸರ್. ರಾತ್ರಿಯೆಲ್ಲ ಕಣ್ಣಿಗೆ ಕಣ್ಣ ಹತ್ತಲಿಲ್ಲ. ಮಷೀನಿನ ಮುಂದ ನಿಂತ್ರ ಕೈ ಸಿಗಸ್ಕೊಂತಿದ್ದೆ. ಅದಕ್ಕ ರಜಾ ಹಾಕಿದೆ."

ವನಿತಾಳ ಪೆನ್ನು ನಿಂತಿತು.

"ಯಾರವ್ರು? ಹೆಸ್ರು ಯೋಳು. ರಿಜಿಸ್ಟರ್‌ನಾಗೆ 'ಒಬ್ಬರು' ಅಂದ್ರೆ ನಡೆಯಲ್ಲ."

"ವನಿತಾ ಮೇಡಂ ರೀ."

"ಬರಿಯಮ್ಮ."

ವನಿತಾ ತನ್ನ ಹೆಸರನ್ನು ತಾನೇ ಬರೆದಳು. ನಾಲ್ಕು ವರ್ಷ ಇನ್ನೂರು ಜನರ ಹೆಸರನ್ನು ಗುಂಡಾಗಿ ಬರೆದ ಕೈ, ಮೂರು ಅಕ್ಷರಕ್ಕೆ ಸೊಟ್ಟಗಾಯಿತು.

"ಅದಕ್ಕೆ ಜ್ವರ ಅಂದಿದ್ರೆ ಆಗ್ತಿತ್ತಲ್ಲಯ್ಯ! ಅಜ್ಜಿ ಯಾಕೆ?"

"ಅಳು ಬಂದಿತ್ರೀ ಸರ್. ಜ್ವರಕ್ಕ ಯಾರರ ಅಳ್ತಾರೇನ್ರೀ? ಅಷ್ಟು ಅಳಬೇಕಂದ್ರ ನಮ್ಮ ಅಜ್ಜಿನೇ ಹೋಗಬೇಕಿತ್ತು."

ದೊಡ್ಡಮುನಿಯಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಗು ಬಂದಾಗ ಅವರು ಹಾಗೆ ಮಾಡುತ್ತಿದ್ದರು.

"ನೋಡಮ್ಮ, ಸುಳ್ಳು ಹಿಡಿಯೋಳು ನೀನು. ಈಗ ಯೋಳಿದ್ದು ನಿಜಾನೋ, ಇದೂ ಕತೆನೋ? ಕತೆ ಅಂದ್ರೆ ಇವತ್ತೇ ಲೆಕ್ಕ ಚುಕ್ತಾ ಮಾಡಿ ಕಳ್ಸಿಬಿಡ್ತೀನಿ."

"ನಿಜ ಸಾರ್."

"ಎಂಗೆ ಗೊತ್ತು?"

ವನಿತಾ ರಿಜಿಸ್ಟರಿನಿಂದ ತಲೆ ಎತ್ತಿದಳು. ಹೇಮಂತ ಈ ಸಲ ಓಲೆಯಲ್ಲಿ ನಿಲ್ಲದೆ ಅವಳ ಕಣ್ಣನ್ನೇ ನೋಡುತ್ತಿದ್ದ.

"ಅವತ್ತು ಗಂಡಿನ ಮುಂದೆ ಕೂತಾಗ ನನಗೂ ಹಂಗೇ ಆಗ್ತಿತ್ತು ಸಾರ್. ನಾನು ಬೇಡ ಅಂದ್ಬಿಟ್ಟೆ."

ಬಾಗಿಲ ಹಿಂದೆ ಕಿವಿಯಿಟ್ಟು ನಿಂತಿದ್ದ ಬಾಲರಾಜ್ ಧೊಪ್ಪೆಂದು ಒಳಗೆ ಬಿದ್ದ.

ದೊಡ್ಡಮುನಿಯಪ್ಪನವರ ತೀರ್ಪು ಹೀಗಾಯಿತು. ಹೋದ ವರ್ಷದವನು ಕೇಳಿದರೂ ಸುಳ್ಳು ಬಿಡಲಿಲ್ಲ, ಇವನು ಕೇಳಿದ ಕೂಡಲೇ ನಿಜ ಒಪ್ಪಿಕೊಂಡ. ಆದ್ದರಿಂದ ಕೆಲಸ ಉಳಿಯಿತು. ಸುಳ್ಳು ಸುಳ್ಳೇ ಆದ್ದರಿಂದ ಶಿಕ್ಷೆಯೂ ಉಂಟು: ಎರಡು ವಾರ ರಜೆ ಫೋನೂ ರಿಜಿಸ್ಟರೂ ಹೇಮಂತನ ಪಾಲಿಗೆ. "ಜನ ಯೋಳೋ ಸುಳ್ಳು ಕೇಳಿ ಕೇಳಿ ಬುದ್ಧಿ ಬರ್ಲಿ" ಎಂದರು.

ಬುದ್ಧಿ ಬಂದದ್ದು ಕಾಣಲಿಲ್ಲ. ಮಂಗಳವಾರ ಅವನು ಎಲ್ಲರನ್ನೂ ನಂಬಿದ. ಬ್ಯಾಟರಾಯಪ್ಪನ ಹಸುವಿಗೆ ಬಾಣಂತನದ ಖರ್ಜೂರ ಕೊಡಿ ಎಂದು ಸಲಹೆಯನ್ನೂ ಕೊಟ್ಟ. ಬುಧವಾರದ ಹೊತ್ತಿಗೆ ಸುದ್ದಿ ಹಬ್ಬಿ ಪ್ಯಾಕಿಂಗಿನ ಅರ್ಧ ಜನ ರಜೆಯಲ್ಲಿದ್ದರು. "ಹಿಂಗೇ ಆದ್ರೆ ಡಬ್ಬ ನೀವೊಬ್ರೇ ಮಾಡ್ಬೇಕಾಗತ್ತೆ" ಎಂದು ವನಿತಾ ರೊಟ್ಟಿ ಮುರಿಯುತ್ತ ರೇಗಿಸಿದಳು. ಮುರಿದದ್ದರಲ್ಲಿ ಅರ್ಧ ಅವನ ಕೈಗೆ ಕೊಟ್ಟಳು.

ಗುರುವಾರ ಏಳೂಕಾಲಿಗೆ ಫೋನು ಬಂತು.

"ಹಲೋ, ರಜೆ ಫೋನೇನ್ರೀ? ನಾನು ವನಿತಾ, ಆಫೀಸು. ಇವತ್ತು ಬರೋಕಾಗಲ್ಲ."

ಹೇಮಂತ ಪೆನ್ನು ಕೆಳಗಿಟ್ಟ. "ಯಾಕ್ರೀ? ಆರಾಮ ಅದೀರಿಲ್ಲೋ?"

"ಆರಾಮಾಗಿದೀನಿ. ಕಾರಣ ಬರ್ಕೊಳ್ಳಿ. ಬೆಳಗ್ಗೆ ಆರಕ್ಕೇ ಒಬ್ರು ಅಜ್ಜಿ ಬಾಲರಾಜ್ ಹತ್ರ ವಿಳಾಸ ಕೇಳ್ಕೊಂಡು ಆಟೋದಲ್ಲಿ ನಮ್ಮನೆಗೆ ಬಂದಿದಾರೆ. ಒಂದು ಗಂಟು ರೊಟ್ಟಿ ತಂದಿದಾರೆ. ಅಮ್ಮ ಮುದ್ದೆ ತಿನ್ನೋರು ನಾವು ಅಂತ ಜಗಳಕ್ಕೆ ನಿಂತಿದಾಳೆ, ಅಜ್ಜಿ ಒಂದಿನ ಮುದ್ದೆ, ಒಂದಿನ ರೊಟ್ಟಿ ಅಂತ ರಾಜಿಗೆ ಬಂದಿದಾರೆ."

"ನಮ್ಮ ಅಜ್ಜಿ ಮನ್ಯಾಗ ಮಲಗ್ಯಾಳಲ್ರೀ!"

"ಹೋಗಿ ನೋಡಿ."

ಹೇಮಂತ ಫೋನು ಕಿವಿಗೆ ಹಿಡಿದೇ ಒಳಗೆ ಓಡಿದ. ಕೌದಿಯ ಕೆಳಗೆ ಎರಡು ದಿಂಬು ಮಲಗಿದ್ದವು.

"ಅಕಿ... ಅಲ್ಲಿ ಏನ್ ಮಾಡಾಕತ್ತಾಳ್ರೀ?"

"ಹೆಣ್ಣು ಕೇಳ್ತಿದಾರೆ. ನಾನಿಲ್ದಿದ್ರೆ ಹೇಗೆ?" ವನಿತಾಳ ದನಿ ತಗ್ಗಿತು. ಹಿಂದೆ ಎರಡು ಹೆಂಗಸರು ಒಟ್ಟಿಗೆ ನಗುವುದು ಕೇಳಿಸಿತು. "ಅಮ್ಮ ಕಾಫಿಗೆ ಇಟ್ಟಳು ಕಣ್ರೀ. ಒಪ್ಪೋ ಹಂಗಿದಾಳೆ. ಬೇಗ ಹೇಳಿ ಹೇಮಂತ್, ನನಗೆ ರಜ ಕೊಡ್ತೀರೋ ಇಲ್ವೋ?"

ಹೇಮಂತ ರಿಜಿಸ್ಟರ್ ಬಿಡಿಸಿದ. ವನಿತಾಳ ಹೆಸರಿನ ಮುಂದೆ ಕಾರಣ ಬರೆದ. ಕೆಳಗಿನ ಸಾಲಿನಲ್ಲಿ ತನ್ನ ಹೆಸರು ಬರೆದು, ಅದೇ ಕಾರಣ ಎಂದು ಸೇರಿಸಿ, ಶರಟು ಹುಡುಕತೊಡಗಿದ.