ಆ ಕೋಣೆಯಲ್ಲಿ ಇನ್ಯಾರಿದ್ದರು?

“ಈ ಹದಿನಾಲ್ಕು ಮಂದಿ ಹೆಣ್ಮಕ್ಕಳನ್ನ ಮಾತಾಡಿಸಿದಾಗ ಆ ರೂಮಿನ್ಯಾಗ ಇನ್ಯಾರ್ ಇದ್ರು ಅಂತ ಎಲ್ಲೂ ಬರದಿಲ್ಲಲ್ರಿ?”

ಜ್ಯೋತಿಲಕ್ಷ್ಮಿ ತಲೆ ಎತ್ತಿದಳು. ಬೆಳಗಿನಿಂದ ತಲೆ ಎತ್ತದೆ ಕಾಲ ತಳ್ಳಿದ್ದವಳಿಗೆ ಕೊನೆಗೂ ಎತ್ತಲೇಬೇಕಾಯಿತು.

ಎದುರಿಗೆ ಕುಳಿತಿದ್ದವನು ನಾಗಭೂಷಣ. ಕಂಪ್ಲಿಯವನು. ಒಂಬತ್ತು ವರ್ಷದ ಹಿಂದೆ ಕಡ್ಡಿರಾಂಪುರದ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದವನು. ಅವಳು ಬೇಡವೆಂದು ಕಳಿಸಿದ್ದ ವರ!

ಬೆಳಗ್ಗೆ ಸಂಸ್ಥೆಯ ಮುಖ್ಯಸ್ಥ ಕೊಟ್ರಯ್ಯನವರು ಪರಿಚಯ ಮಾಡಿಕೊಟ್ಟಿದ್ದರು. “ಧಾರವಾಡದಾಗ ಇದೇ ಕೆಲಸ ಮಾಡಿದೋರು. ಎರಡು ತಿಂಗಳು ನಮ್ಮ ಜೋಡಿ ಇರ್ತಾರ. ಲಗ್ನ-ಗಿಗ್ನ ಇಲ್ಲ, ಬೇಕಾದಷ್ಟು ಕೆಲಸ ಹಚ್ಚಬೌದು ನೋಡವ್ವ.”

ಅವನು ಗುರುತೇ ಇಲ್ಲದವನಂತೆ ಕೈ ಮುಗಿದಿದ್ದ. “ನಮಸ್ಕಾರ್ರಿ.”

ಸದ್ಯ, ಮರೆತಿದ್ದಾನೆ ಎಂದು ಅವಳಿಗೆ ಸಮಾಧಾನವಾಗಿತ್ತು. ಮರೆತಿದ್ದಾನಲ್ಲ ಎಂದು ಸ್ವಲ್ಪ ನೋವೂ ಆಗಿತ್ತು... ಮನಸ್ಸಿಗೆ ಎರಡೂ ಬೇಕು, ಅದಕ್ಕೆ ಹೇಳುವವರು ಯಾರು?

“ಬರೆಯೋದು ಮರ್ತಿರಬೇಕು,” ಎಂದಳು.

“ನೆನಪೈತೇನ್ರಿ?”

“ಐದು ವರ್ಷ ಆತು.”

“ಹಂಗಾರ ಈ ಮಾತಿನ ಮುಂದ ‘ಕಡಿಮೆ’ ಅಂತ ಹಾಕ್ಬೇಕಾಗ್ತೈತಿ.”

ಹೊಸಪೇಟೆಯ ಆ ಮಹಡಿ ಮೇಲಿನ ಆಫೀಸಿನಲ್ಲಿ ನಡೆಯುತ್ತಿದ್ದ ಕೆಲಸ ಹೀಗಿತ್ತು. ಗಣಿ ಊರುಗಳ ಹೆಂಗಸರನ್ನು ಬೇರೆ ಬೇರೆ ಜನ ಬೇರೆ ಬೇರೆ ಕಾಲದಲ್ಲಿ ಮಾತಾಡಿಸಿ ಬರೆದ ಹದಿನಾರು ಅಧ್ಯಯನಗಳಿದ್ದವು. ಎಲ್ಲವನ್ನೂ ಓದಿ, ಅವೆಲ್ಲ ಸೇರಿ ಏನು ಹೇಳುತ್ತಿವೆ ಎಂದು ಪಟ್ಟಿ ಮಾಡಬೇಕು. ಆಮೇಲೆ ಪ್ರತಿ ಮಾತಿನ ಮುಂದೆ ಅದನ್ನು ಎಷ್ಟು ನಂಬಬಹುದು ಎಂದು ಬರೆಯಬೇಕು. ಹೆಚ್ಚು, ಸಾಧಾರಣ, ಕಡಿಮೆ, ತೀರಾ ಕಡಿಮೆ.

ಪಟ್ಟಿಯಲ್ಲಿ ಏಳನೆಯ ಮಾತು: ‘ತಪಾಸಣೆಯ ವ್ಯಾನು ಊರಿಗೆ ಬರುವುದು ಹೆಂಗಸರಿಗೆ ಬೇಕಿಲ್ಲ.’

ಕೆಮ್ಮು, ದಮ್ಮು ನೋಡುವ ಆ ವ್ಯಾನು ಈಗ ವಾರಕ್ಕೊಮ್ಮೆ ಯಶವಂತನಗರಕ್ಕೆ ಹೋಗುತ್ತಿತ್ತು. ಅದರ ಖರ್ಚು ಕೊಡುವ ಟ್ರಸ್ಟಿನವರು ಶುಕ್ರವಾರ ಬರುವವರಿದ್ದರು. ಹೆಂಗಸರಿಗೇ ಬೇಡವೆಂದರೆ ವ್ಯಾನು ನಿಲ್ಲುತ್ತದೆ.

“ಈ ಮಾತು ಮೂರು ಅಧ್ಯಯನದಿಂದ ಬಂದೈತಿ,” ನಾಗಭೂಷಣ ನಿಧಾನವಾಗಿ ಹೇಳಿದ. “ಒಂದರಾಗ ಬರೇ ಇಬ್ಬರನ್ನ ಕೇಳ್ಯಾರ. ಇನ್ನೊಂದು ಬ್ಯಾರೆ ರಾಜ್ಯದ್ದು, ಅಲ್ಲಿ ದವಾಖಾನಿ ಬಾಗಲಾಗ ಐತಿ. ಉಳಿದದ್ದು ನಿಮ್ಮದು. ಎಲ್ಲಾ ಭಾರ ನಿಮ್ಮದರ ಮ್ಯಾಲೇ ಬಿದ್ದೈತಿ.”

“ಅಂದ್ರ ನಾ ಸುಳ್ಳು ಬರದೀನಿ ಅಂತೀರಿ.”

“ಸುಳ್ಳು ಅಂತ ಅಲ್ರಿ. ಎಷ್ಟು ನಂಬಬೌದು ಅಂತ, ಅಷ್ಟ.”

ಅವಳಿಗೆ ಮೈಯೆಲ್ಲ ಉರಿಯಿತು. ತನ್ನ ಹೆಸರು ಅಚ್ಚಾದ ಒಂದೇ ಒಂದು ಬರಹ ಅದು. ಬಸ್ಸು, ಲಾರಿ, ಕೆಂಪು ಧೂಳು ಎನ್ನದೆ ಮೂರು ತಿಂಗಳು ಅಲೆದು ಬರೆದದ್ದು. ಮನೆಯಲ್ಲಿ ಎಲ್ಲರೂ ‘ಇದರಿಂದ ಏನ್ ಬಂತು’ ಎಂದಾಗಲೆಲ್ಲ ಅವಳು ಮನಸ್ಸಿನಲ್ಲಿ ತೋರಿಸಿಕೊಳ್ಳುತ್ತಿದ್ದದ್ದು.

‘ಮರ್ತಿಲ್ಲ ಇವ... ಒಂಬತ್ತು ವರ್ಷ ಕಾದು ಸೇಡು ತೀರಿಸ್ಕೊಳ್ಳಾಕ ಬಂದಾನ. ನನ್ನ ಮಾತು ನಂಬೂದಲ್ಲ ಅಂತ ನಾಕು ಮಂದಿ ಮುಂದ ಬರದು ತೋರಿಸ್ತಾನ...’

ಅಂದು ಅವಳು ಊಟದ ಡಬ್ಬಿಯನ್ನೂ ತೆರೆಯದೆ ಮನೆಗೆ ಹೋದಳು.

*

ಕಡ್ಡಿರಾಂಪುರದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತರೆ, ಬೇಡವೆಂದರೂ ಆ ದಿನವೇ ಕಣ್ಣಿಗೆ ಬಂತು.

ಪಡಸಾಲೆಯಲ್ಲಿ ಎರಡೂ ಕಡೆಯವರು ಸೇರಿ ಹನ್ನೊಂದು ಮಂದಿ. ಉಪ್ಪಿಟ್ಟಿನ ತಟ್ಟೆಗಳ ಟ್ರೇ ಹಿಡಿದು ಅವಳು ಬಂದಾಗ ಅದು ಒಂದು ಕಡೆಗೆ ವಾಲಿತ್ತು. ವರ ಎಂದು ಕುಳಿತಿದ್ದವನು ಥಟ್ಟನೆ ಎದ್ದು, “ಭಾರ ಐತಿ, ಕೊಡ್ರಿ,” ಎಂದು ಟ್ರೇ ಇಸಿದುಕೊಂಡಿದ್ದ. ಎಲ್ಲರೂ ನಕ್ಕಿದ್ದರು. ಅವನ ಕಿವಿ ಕೆಂಪಾಗಿತ್ತು. ಅವಳು ನಗು ಕಾಣಿಸಬಾರದೆಂದು ತಲೆ ತಗ್ಗಿಸಿದ್ದಳು.

ಅಷ್ಟೇ. ಅಷ್ಟಕ್ಕೇ ಅವಳಿಗೆ ಅವನು ಇಷ್ಟವಾಗಿಬಿಟ್ಟಿದ್ದ.

ಆದರೆ ಪಕ್ಕದಲ್ಲಿ ಮೊಳಕಾಲಿಗೆ ಮೊಳಕಾಲು ತಾಗಿಸಿ ಕುಳಿತಿದ್ದವಳು ಸೋದರತ್ತೆ ದುರ್ಗಕ್ಕ. ತನ್ನ ಮಗ ಕಿರಣ್ ಕುಮಾರನಿಗೆ ಜ್ಯೋತಿಯನ್ನು ತಂದುಕೊಳ್ಳಬೇಕೆಂದು ಅವಳ ಆಸೆ. ಅಪ್ಪ ಅಕ್ಕನ ಮಾತಿಗೆ ಎದುರಾಡಿದವನಲ್ಲ.

ಹಿರಿಯ ಕಾಳಪ್ಪಜ್ಜ ಕೇಳಿದ್ದರು: “ಏನವ್ವಾ, ಹುಡುಗ ಒಪ್ಪಿಗೇನಾ?”

ಅತ್ತೆಯ ಮೊಳಕಾಲು ಒತ್ತಿತು. ಜ್ಯೋತಿಯ ಬಾಯಿಂದ “ಒಲ್ಲೆ” ಎಂದು ಬಂತು.

ನಾಲ್ಕು ತಿಂಗಳಿಗೆ ಕಿರಣ್ ಕುಮಾರ ಕುರೆಕುಪ್ಪದ ಹುಡುಗಿಯೊಬ್ಬಳನ್ನು ಮೆಚ್ಚಿ ಮದುವೆಯಾದ. ಜ್ಯೋತಿಯನ್ನು ಮತ್ತೆ ಯಾರೂ ‘ನಿನಗೆ ನಿಜವಾಗಿ ಏನು ಬೇಕಿತ್ತು’ ಎಂದು ಕೇಳಲಿಲ್ಲ. ಆಮೇಲೆ ಬಂದ ವರಗಳ ಮುಂದೆ ಕುಳಿತು ಕುಳಿತು ಅವಳು ದಣಿದಳು. ಕೊನೆಗೆ ಹೆಣ್ಣು ನೋಡಲು ಬರುವ ದಿನವೇ ಹಳ್ಳಿ ಕೆಲಸ ಹಾಕಿಕೊಂಡು ತಡವಾಗಿ ಬರುವುದನ್ನು ಕಲಿತಳು. ಈಗ ಮೂವತ್ತಮೂರು.

ಮನೆಗೆ ಬಂದವಳು ಮಂಚದ ಕೆಳಗಿನ ಟ್ರಂಕು ಎಳೆದಳು. ಐದು ವರ್ಷದ ಹಿಂದಿನ ನೋಟುಪುಸ್ತಕ ಸಿಕ್ಕಿತು. ಹಾಳೆಗಳ ಅಂಚಿಗೆ ಇನ್ನೂ ಕೆಂಪು ಧೂಳು.

ಹಲವು ಸಂದರ್ಶನಗಳ ಹಾಳೆಯ ಮೂಲೆಯಲ್ಲಿ ಅವಳದೇ ಸಣ್ಣ ಅಕ್ಷರ. ‘ಅತ್ತೆ ಪಕ್ಕದಲ್ಲೇ ಇದ್ದರು.’ ‘ಅತ್ತೆ, ನಾದಿನಿ.’ ‘ಅತ್ತೆ ಬಾಗಿಲಲ್ಲಿ.’

ಹದಿನಾಲ್ಕರಲ್ಲಿ ಒಂಬತ್ತು.

ಮರೆತದ್ದಲ್ಲ. ಬರೆದರೆ ಬರಹ ಸೊರಗುತ್ತದೆ, ಅಚ್ಚಾಗುವುದಿಲ್ಲ ಎಂಬ ಭಯಕ್ಕೆ ಬೇಕೆಂದೇ ಬಿಟ್ಟದ್ದು. ಅವಳು ಪುಸ್ತಕ ಮುಚ್ಚಿ ಕೈಚೀಲಕ್ಕೆ ಹಾಕಿಕೊಂಡಳು. ಅತ್ತೆಯ ಮೊಳಕಾಲು ಏನು ಮಾಡಬಲ್ಲದು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

*

ಗುರುವಾರ ರಜೆ ಹಾಕಿ ಯಶವಂತನಗರಕ್ಕೆ ಹೋದಳು. ಹದಿನಾಲ್ಕು ಜನರಲ್ಲಿ ಸಿಕ್ಕವಳು ಭರಮಮ್ಮ ಒಬ್ಬಳೇ. ಅವಳ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು.

“ನೀ ಅಲ್ಲೇನಬೇ, ಪುಸ್ತಕ ಹಿಡ್ಕೊಂಡು ಬಂದಾಕಿ? ಕುಂದ್ರು,” ಎಂದು ಭರಮಮ್ಮ ಚಾಪೆ ಹಾಸಿದಳು. ಮಾತಿನ ನಡುವೆ ಕೆಮ್ಮು.

“ಅಕ್ಕಾ, ಅವತ್ತು ವ್ಯಾನು ಬ್ಯಾಡ ಅಂದಿದ್ದಿ. ಖರೇನಾ?”

ಭರಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಮ್ಮತ್ತಿ ಬಗಲಾಗ ಕುಂತಿದ್ಲು. ಸೊಸಿಗೆ ರೋಗ ಐತಿ ಅಂತ ಊರಾಗ ಗೊತ್ತಾದ್ರ ಮಾನ ಹೋಕ್ಕೈತಿ ಅಂತಿದ್ಲು. ಆಕಿ ಮುಂದ ನಾ ಏನಂತ ಹೇಳ್ಲಿ? ಒಳಗೊಳಗ, ವ್ಯಾನು ಬಂದ್ರ ಸಾಕಾಗಿತ್ತು ನಂಗ.”

ಜ್ಯೋತಿ ಅದನ್ನು ನೋಟುಪುಸ್ತಕದ ಹಳೆಯ ಸಾಲಿನ ಕೆಳಗೇ ಬರೆದುಕೊಂಡಳು.

“ನಾ ಒಬ್ಬಾಕಿನ ಇದ್ದಾಗ ಬಂದು ಯಾಕ ಕೇಳಲಿಲ್ಲಬೇ ನೀನು?” ಭರಮಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

*

ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು ಅವಳು ನೋಟುಪುಸ್ತಕವನ್ನು ನಾಗಭೂಷಣನ ಮೇಜಿನ ಮೇಲಿಟ್ಟಳು. ಅವನು ಬಂದು, ನಿಂತೇ ಹಾಳೆ ತಿರುವಿದ.

“ಒಂಬತ್ತು ಕಡೆ ಅತ್ತಿ ಇದ್ರು. ನಾ ಬೇಕಂತನ ಬಿಟ್ಟಿದ್ದೆ,” ಎಂದಳು. “ನಿನ್ನಿ ಭರಮಮ್ಮ ಅನ್ನೋಳನ್ನ ಕೇಳಿ ಬಂದೆ. ಆಕಿಗೆ ವ್ಯಾನು ಬೇಕಿತ್ತಂತ.”

“ಒಬ್ಬಾಕಿ ಅಂದ್ಲಂತ ಎಲ್ಲಾರಿಗೂ ಬೇಕಿತ್ತು ಅನ್ನಾಕ ಬರಂಗಿಲ್ರಿ.”

“ಗೊತ್ತೈತಿ. ಬ್ಯಾಡ ಅನ್ನಾಕೂ ಬರಂಗಿಲ್ಲ. ಗೊತ್ತಿಲ್ಲ ಅಂತ ಹೇಳೋಣು.”

ಅವನು ಅವಳನ್ನು ನೋಡಿದ. “ನಿಮ್ಮ ಬರಹದ ಬೆಲಿ ಕಡಿಮಿ ಆಗ್ತೈತಿ.”

“ಆಗ್ಲಿ ಬಿಡ್ರಿ,” ಎಂದಳು. ಮುಚ್ಚಿಡುವುದು ಸಾಕಾಗಿತ್ತು ಅವಳಿಗೆ.

ಟ್ರಸ್ಟಿನವರ ಮುಂದೆ ಏಳನೆಯ ಮಾತು ಬಂದಾಗ ಅವಳೇ ಎದ್ದು ನಿಂತಳು. ತನ್ನ ತಪ್ಪನ್ನು ತಾನೇ ಹೇಳಿದಳು. ಒಬ್ಬರು ಮುಖ ಸಿಂಡರಿಸಿದರು. ಕೊಟ್ರಯ್ಯನವರು ಹಣೆ ಒತ್ತಿಕೊಂಡರು. ಕೊನೆಗೆ, ಹೆಂಗಸರನ್ನು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ ಮುಗಿಯುವವರೆಗೆ, ಮೂರು ತಿಂಗಳು, ವ್ಯಾನು ಹೋಗಲಿ ಎಂದಾಯಿತು.

ಪಟ್ಟಿಯಲ್ಲಿ ಏಳನೆಯ ಮಾತಿನ ಮುಂದೆ ನಾಗಭೂಷಣ ಬರೆದ: ‘ತೀರಾ ಕಡಿಮೆ.’

ವಿಚಿತ್ರವೆಂದರೆ ಅವಳಿಗೆ ನೋವಾಗಲಿಲ್ಲ. ಹೆಗಲ ಮೇಲಿಂದ ಏನೋ ಇಳಿದಂತಾಯಿತು.

*

ಮಧ್ಯಾಹ್ನ ಬಂದವರನ್ನು ಊಟಕ್ಕೆ ಕರೆದುಕೊಂಡು ಎಲ್ಲರೂ ಹೊರಟರು. ಹಸಿವಿಲ್ಲವೆಂದು ಅವಳು ಉಳಿದಳು. ಹಾಳೆ ಜೋಡಿಸಬೇಕೆಂದು ಅವನೂ ಉಳಿದ. ಕರೆಂಟು ಹೋಗಿತ್ತು. ಕೆಳಗೆ ರಸ್ತೆಯಲ್ಲಿ ಲಾರಿಗಳು ಸಾಲಾಗಿ ಹಾರ್ನು ಹೊಡೆಯುತ್ತಿದ್ದವು.

“ಒಂದ್ ಮಾತು ಕೇಳ್ಲೇನ್ರಿ?” ಎಂದಳು. “ಎಲ್ಲಾ ಅಧ್ಯಯನಕ್ಕೂ ಅದೇ ಪ್ರಶ್ನಿ ಕೇಳ್ತೀರಿ, ಅಲ್ಲಿ ಇನ್ಯಾರ್ ಇದ್ರು ಅಂತ. ಒಂಬತ್ತು ವರ್ಷದ ಹಿಂದ ಒಬ್ಬಾಕಿ ನಿಮ್ಮನ್ನ ಒಲ್ಲೆ ಅಂದ್ಲು. ಅವತ್ತು ಯಾಕ ಕೇಳಲಿಲ್ಲ?”

ಅವನ ಕೈಯ ಹಾಳೆ ಅಲ್ಲೇ ನಿಂತಿತು.

“ಹನ್ನೊಂದು ಮಂದಿ ಇದ್ರು,” ಎಂದ. “ನಿಮ್ಮ ಎಡಕ್ಕ ಹಸರು ಸೀರಿ ಉಟ್ಟ ದೊಡ್ಡಾಕಿ.”

ಅವಳು ಅವನ ಕಡೆ ತಿರುಗಿದಳು. “ಹಂಗಾರ ಮರ್ತಿಲ್ಲ... ಮತ್ತ ಗುರುತೇ ಇಲ್ದಂಗ ನಮಸ್ಕಾರ ಮಾಡಿದ್ರಿ?”

“ಒಲ್ಲೆ ಅಂದೋರಿಗೆ ಇನ್ನೇನ್ ಮಾಡ್ಲಿ? ಗುರುತು ತೋರ್ಸಿ ಮುಜುಗರ ಮಾಡ್ಲಾ?” ಅವನು ಕುರ್ಚಿಗೆ ಒರಗಿದ. ಮೊದಲ ಸಲ ಅವಳಿಗೆ ಅವನೂ ಎಷ್ಟು ದಣಿದಿದ್ದಾನೆಂದು ಕಂಡಿತು. “ನಮ್ಮಪ್ಪ ಅಕ್ಕಿ ಮಿಲ್ಲಿನ್ಯಾಗ ಚೀಲ ಹೊರ್ತಿದ್ದ. ಅದಕ್ಕ ಒಲ್ಲೆ ಅಂದ್ರಿ ಅಂತ ತಿಳ್ಕೊಂಡೆ. ಆಮ್ಯಾಲ ಈ ಕೆಲಸ ಕಲ್ತೆ. ಮಂದಿ ಮಾತು ಎಷ್ಟು ನಂಬಬೇಕು ಅಂತ ದಿನಾ ಅಳೀತಿದ್ದೆ. ನಿಮ್ಮ ಮಾತೊಂದನ್ನ ಅಳೀಲೇ ಇಲ್ಲ. ಧೈರ್ಯ ಆಗ್ಲಿಲ್ರಿ.”

“ಆಕಿ ನಮ್ಮ ಸೋದರತ್ತಿ. ಒಲ್ಲೆ ಅನ್ನು ಅಂತ ಮೊಣಕಾಲು ಒತ್ತಿದ್ಲು,” ಎಂದಳು ಅವಳು. ಕಣ್ಣು ತುಂಬಿತು, ಒರೆಸಿಕೊಳ್ಳುವ ಶಕ್ತಿಯೂ ಇರಲಿಲ್ಲ. “ನೀವು ಟ್ರೇ ಇಸ್ಕೊಂಡ್ರಲ್ಲ... ಅವಾಗ ನಾ ಒಪ್ಪಿದ್ದೆ. ಒಬ್ಬಾಕಿನ ಇದ್ದಾಗ ಒಂದ್ ಸಲ ಬಂದು ಕೇಳಿದ್ರ ಹೇಳ್ತಿದ್ದೆ.”

ನಾಗಭೂಷಣ ಎದ್ದ. ಖಾಲಿ ಕುರ್ಚಿಗಳನ್ನು ಒಮ್ಮೆ ನೋಡಿದ. ಮೇಜು ಸುತ್ತಿ ಬಂದು, ಅವಳ ಎದುರಿಗೆ ಒಂದು ಕುರ್ಚಿ ಎಳೆದು ಕುಳಿತ.

“ಈಗ ಈ ರೂಮಿನ್ಯಾಗ ಇನ್ಯಾರ್ ಅದಾರ?”

“ಯಾರೂ ಇಲ್ಲ.”

“ಹಂಗಾರ ಕೇಳ್ತೀನಿ.” ಅವನ ಕಿವಿ ಅಂದಿನಂತೆಯೇ ಕೆಂಪಾಗಿತ್ತು. “ಜ್ಯೋತಿ, ಹುಡುಗ ಒಪ್ಪಿಗೇನಾ?”

ಅವಳು ಎಡಕ್ಕೆ ನೋಡಿದಳು. ಅಲ್ಲಿ ಬರೀ ಫೈಲುಗಳಿದ್ದವು.

“ಒಪ್ಪಿಗಿ,” ಎಂದಳು.

“ಬರ್ಕೊಳ್ಲಾ?”

“ಬ್ಯಾಡ. ಒಂದ್ ಸಲ ಕೇಳಿದ್ದು ಸಾಲಂಗಿಲ್ಲ ಅಂತ ನೀವ ಅಂತೀರಿ. ನಾಳೆನೂ ಕೇಳ್ರಿ.”

“ನಾಳೆ ಆಫೀಸ್ ರಜಾ ಐತಲ್ಲ.”

“ಮನಿಗೆ ಬರ್ರಿ,” ಎಂದಳು ಅವಳು, ಈ ಸಲ ನಗು ಕಾಣಲೆಂದು ತಲೆ ಎತ್ತಿಯೇ. “ಟ್ರೇ ಭಾಳ ಭಾರ ಇರ್ತೈತಿ.”